ಕಸದ ತೊಟ್ಟಿ ಸ್ಟಾಪು

"ಏ ಬೇವರ್ಸಿ, ಕುರ್ಚಿ ಇಡುದಾ, ಎಸೆಯುದಾ? ಎದುರಿನ ಸಾಲಿಗೆ ಕೈ ಇರುವ ಕುರ್ಚಿ ಹಾಕು ಅಂತ ಎಷ್ಟು ಸಲ ಬೊಬ್ಬೆ ಹೊಡೀಬೇಕು ನಿಂಗೆ? ಮಂಡೆಯಲ್ಲಿ ಎಂತ ತುಂಬಿಸಿಕೊಂಡಿದ್ದಿ, ಸೆಗಣಿಯಾ?"

ಸೇಸಪ್ಪ ಕೈಯಿಲ್ಲದ ಕುರ್ಚಿಗಳನ್ನು ಹಿಂದಕ್ಕೆ ಹೊತ್ತು ಹಾಕಿದ, ಕೈಯಿರುವುದನ್ನು ಮುಂದಕ್ಕೆ ತಂದ. ಅವನು ಒಮಾನಿನ ಸೀಬ್ ಪಟ್ಟಣದ ಇಂಡಿಯನ್ ಶಾಲೆಯ ಬಸ್ ಡ್ರೈವರು. ಗುರುವಾರ ಶಾಲೆಗೆ ರಜೆ. ಬಸ್ಸಿಲ್ಲದ ದಿನ ಡ್ರೈವರು ಸುಮ್ಮನೆ ಕೂರಬಾರದಲ್ಲ, ಹಾಗಾಗಿ ಕುರ್ಚಿ ಹೊರುವ ಕೆಲಸ. ಬಾಗಿಲಲ್ಲಿ ನಿಂತು ಬೈಯುತ್ತಿದ್ದವನು ಪ್ರೇಮನಾಥ. ಶಾಲೆಯ ಆಡಳಿತ ಬೋರ್ಡಿನಲ್ಲಿ ಬಸ್ಸುಗಳ ಉಸ್ತುವಾರಿ ಅವನದು, ಊರಲ್ಲಿ ಸೇಸಪ್ಪನ ಮನೆಗೂ ಅವನ ಮನೆಗೂ ನಡುವೆ ಒಂದು ಗದ್ದೆ ಬಯಲು. ಮೈಕ್ ಸಿಕ್ಕಿದರೆ ಅವನ ಬಾಯಲ್ಲಿ ಇಂಗ್ಲಿಷೇ ಇಂಗ್ಲಿಷು. ಬೈಯಲಿಕ್ಕೆ ಮಾತ್ರ ಊರ ಮಾತೇ ಬೇಕು.

ಸೇಸಪ್ಪನಿಗೆ ವೀಸಾ ಮಾಡಿಸಿಕೊಟ್ಟವನೂ ಇವನೇ. ಗಂಡನಿಗೆ ಡ್ರೈವರ್ ಕೆಲಸ, ಹೆಂಡತಿ ವಾರಿಜಾಕ್ಷಿಗೆ ಅದೇ ಶಾಲೆಯಲ್ಲಿ ಆಯಾ ಕೆಲಸ, ಮಗಳು ಕುಸುಮಳಿಗೆ ಮೂರನೇ ಕ್ಲಾಸಿನಲ್ಲಿ ಸೀಟು. ಈ ಮೂರನ್ನೂ ನೆನಪಿಸದೆ ಪ್ರೇಮನಾಥ ಅವನ ಹತ್ತಿರ ಒಂದು ಲೋಟ ನೀರು ಕೂಡ ಕೇಳಿದವನಲ್ಲ.

ಆದರೆ ಆ ದಿನ ಸೇಸಪ್ಪನಿಗೆ ಬೈಗುಳ ಅಷ್ಟಾಗಿ ತಾಗಲಿಲ್ಲ. ಅವನು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟುಕೊಂಡು ಬಂದಿದ್ದ. ಬಸ್ಸಿನ ಹೊಸ ನಿಯಮ ಮಾಡುವ ಮುಂಚೆ ಬೋರ್ಡಿನವರು ಈ ದಿನದ ಸಭೆಯಲ್ಲಿ ತಂದೆತಾಯಂದಿರ ಅಭಿಪ್ರಾಯ ಕೇಳುತ್ತಾರೆಂದು ಎಲ್ಲ ಮಕ್ಕಳ ಕೈಯಲ್ಲೂ ನೋಟೀಸು ಕಳಿಸಿದ್ದರು. ಕುಸುಮ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದಳು. "ಆಲ್ ಪೇರೆಂಟ್ಸ್ ಅಂತ ಉಂಟು ಪಪ್ಪ. ಯೂ ಆರ್ ಆಲ್ಸೋ ಎ ಪೇರೆಂಟ್." ಹೌದಲ್ಲ, ಎಂದು ಸೇಸಪ್ಪನಿಗೂ ಆಗಲೇ ಹೊಳೆದದ್ದು.

ಅವನಿಗೆ ಹೇಳಲಿಕ್ಕಿದ್ದದ್ದು ಒಂದೇ ಮಾತು. ಹೆದ್ದಾರಿಯ ಆಚೆ ಒಂದು ವಾದಿ ಉಂಟು, ಮಳೆ ಬಂದರೆ ಮಾತ್ರ ಹರಿಯುವ ಒಣ ಹಳ್ಳ. ಅದರಾಚೆ ಖರ್ಜೂರದ ತೋಟ, ತೋಟದ ಅಂಚಿಗೆ ಆಡಿನ ಹಟ್ಟಿಯ ಪಕ್ಕ ಬಾಡಿಗೆ ಕೋಣೆಗಳು. ಅಲ್ಲಿ ಸೇಸಪ್ಪನ ಸಂಸಾರ, ಕೆಫೆಟೇರಿಯಾ ನಡೆಸುವ ಬ್ಯಾರಿ ಅದ್ದುವಿನ ಸಂಸಾರ, ಟೈಲರ್ ಆಂಡ್ರ್ಯೂವಿನ ಸಂಸಾರ. ಎಲ್ಲ ಸೇರಿ ಐದು ಮಕ್ಕಳು ಶಾಲೆಗೆ ಬರುತ್ತಾರೆ. ಬಸ್ಸು ಇದುವರೆಗೆ ರೌಂಡಬೌಟ್ ಸುತ್ತಿ, ಹೆದ್ದಾರಿ ದಾಟಿ, ಜಲ್ಲಿ ದಾರಿಯಲ್ಲಿ ಕುಲುಕುತ್ತಾ ಹೋಗಿ ಆ ಐವರನ್ನು ಬಾಗಿಲಲ್ಲೇ ಇಳಿಸಿ ಬರುತ್ತಿತ್ತು. ಅದನ್ನು ನಿಲ್ಲಿಸಬೇಡಿ ಎನ್ನುವುದೇ ಅವನ ಅಭಿಪ್ರಾಯ. ಅದ್ದುವಿಗೂ ಆಂಡ್ರ್ಯೂವಿಗೂ ಅಂಗಡಿ ಬಿಟ್ಟು ಸಭೆಗೆ ಬರಲಿಕ್ಕಾಗಿರಲಿಲ್ಲ.

ಸಭೆ ತುಂಬಿತು. ವಿಲ್ಲಾಗಳ ಸಾಲಿನಿಂದ ಬಂದವರು ಕೈಯಿರುವ ಕುರ್ಚಿಗಳಲ್ಲಿ ಕುಳಿತರು. ಬೋರ್ಡಿನ ಕಾರ್ಯದರ್ಶಿ ಸಿಪ್ರಿಯನ್ ಪೆನ್ನು ಬಿಚ್ಚಿಕೊಂಡು ಕುಳಿತ. ಮನುಷ್ಯ ಕೆಟ್ಟವನೇನಲ್ಲ, ಆದರೆ ಯಾರು ಗಟ್ಟಿಯಾಗಿ ಮಾತಾಡುತ್ತಾರೋ ಅವರದ್ದನ್ನೇ ಬರೆದುಕೊಳ್ಳುವ ಜಾತಿಯವನು. ಒಬ್ಬೊಬ್ಬರೇ ಎದ್ದು ಅಭಿಪ್ರಾಯ ಕೊಟ್ಟರು. ಬಸ್ಸು ವಾದಿ ಸುತ್ತಿಕೊಂಡು ಬರುವುದರಿಂದ ನಮ್ಮ ಮಕ್ಕಳು ಊಟಕ್ಕೆ ತಡವಾಗಿ ಬರುತ್ತಾರೆ ಎಂದರು. ಜಲ್ಲಿ ದಾರಿಯಲ್ಲಿ ಮಕ್ಕಳಿಗೆ ವಾಂತಿ ಬರುತ್ತದೆ ಎಂದರು. ತಾಯಿಯೊಬ್ಬಳು ಮೂಗಿಗೆ ಕರವಸ್ತ್ರ ಹಿಡಿದೇ ಹೇಳಿದಳು: "ದೋಸ್ ಚಿಲ್ಡ್ರನ್ ಸ್ಮೆಲ್ ಆಫ್ ಗೋಟ್ಸ್. ಐ ಆಮ್ ಸಾರಿ, ಬಟ್ ದೇ ಡು." ಯಾರೂ ಅದಕ್ಕೆ ಸಾರಿ ಆದ ಹಾಗೆ ಕಾಣಲಿಲ್ಲ.

ಹೊಸ ನಿಯಮವನ್ನು ಪ್ರೇಮನಾಥ ಓದಿದ. ಒಂದೇ ಸ್ಟಾಪಿನಲ್ಲಿ ಹತ್ತು ಮಂದಿ ಇಳಿಯುವವರಿದ್ದರೆ ಮಾತ್ರ ಬಸ್ಸು ಹೆದ್ದಾರಿ ಬಿಟ್ಟು ಒಳದಾರಿಗೆ ಹೋಗುವುದು. ಉಳಿದವರು ಹೆದ್ದಾರಿಯ ಬದಿಯಲ್ಲೇ ಇಳಿಯುವುದು. ವಿಲ್ಲಾಗಳ ಸಾಲಿನಲ್ಲಿ ಹತ್ತು ಮಕ್ಕಳಿಗೆ ಯಾವ ಕೊರತೆಯೂ ಇರಲಿಲ್ಲ. ಬೇಕು ಅನ್ನುವವರು ಕೈ ಎತ್ತಿ ಎಂದ. ಚಿನ್ನದ ಬಳೆ, ಸೀಕೊ ವಾಚು ಸಮೇತ ಕೈಗಳು ಎದ್ದವು.

"ಎನಿಬಡಿ ಅಗೇನ್ಸ್ಟ್?"

ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಸೇಸಪ್ಪ ಕೈ ಎತ್ತಿದ. ನಡುವಿನ ದಾರಿಯಲ್ಲಿ ವಾರಿಜಾಕ್ಷಿ ಚಹಾದ ಟ್ರೇ ಹಿಡಿದು ನಿಂತಿದ್ದಳು, ಅವಳ ಎರಡೂ ಕೈ ಟ್ರೇಯ ಅಡಿಗೆ ಸಿಕ್ಕಿಬಿದ್ದಿದ್ದವು. ಅವಳು ಗಂಡನ ಕೈಯನ್ನೇ ನೋಡುತ್ತಿದ್ದಳು. ಪ್ರೇಮನಾಥನೂ ಆ ಕೈಯನ್ನು ನೋಡಿದ. ನೋಡಿ, ನಕ್ಕ. ಮೈಕಿನಲ್ಲೇ ಕೇಳಿದ.

"ಎಂತ ಸೇಸಪ್ಪ, ಮೈಕ್ ಸರಿ ಇಲ್ವಾ?"

ಸಭೆಯೆಲ್ಲ ಹಿಂದೆ ತಿರುಗಿತು. ಡ್ರೈವರನನ್ನು ನೋಡಿತು, ನಕ್ಕಿತು. ಎತ್ತಿದ ಕೈಯನ್ನು ಏನು ಮಾಡುವುದೆಂದು ಸೇಸಪ್ಪನಿಗೆ ತಿಳಿಯಲಿಲ್ಲ. ಹಾಗೇ ನಡೆದುಹೋಗಿ ಸ್ಪೀಕರಿನ ವಯರನ್ನು ಮುಟ್ಟಿದ, ಏನೋ ಸರಿಮಾಡಿದವನಂತೆ ಹಿಂದೆ ಬಂದ. ಸಮುದಾಯದ ಸರ್ವಾನುಮತದಿಂದ ಎಂದು ಸಿಪ್ರಿಯನ್ ಬರೆದುಕೊಂಡ. ಚಹಾ ಎಲ್ಲರಿಗೂ ಸಾಕಾಯಿತು.

ಶನಿವಾರದಿಂದ ನಿಯಮ ಶುರುವಾಯಿತು. ಹೆದ್ದಾರಿಯ ಬದಿಯಲ್ಲಿ ಸೇಸಪ್ಪ ಬಸ್ಸು ನಿಲ್ಲಿಸಿದ. ಅಲ್ಲಿ ಮರವಿಲ್ಲ, ಚಪ್ಪರವಿಲ್ಲ. ಬಲದಿಯಾದವರು, ಅಂದರೆ ಅಲ್ಲಿನ ಮುನಿಸಿಪಾಲಿಟಿಯವರು, ಇಟ್ಟ ಕಬ್ಬಿಣದ ಕಸದ ತೊಟ್ಟಿಯೊಂದು ಮಾತ್ರ ಇತ್ತು. ಹಸಿರು ಬಣ್ಣದ್ದು, ಆಳೆತ್ತರದ್ದು.

ಐವರೂ ಇಳಿಯಲಿಲ್ಲ. ಕುಸುಮ ಮುಂದಿನ ಸೀಟಿಗೆ ಬಂದು ಮೆಲ್ಲಗೆ ಹೇಳಿದಳು. "ಪಪ್ಪ, ದಿಸ್ ಈಸ್ ನಾಟ್ ಅವರ್ ಸ್ಟಾಪ್."

"ಇವತ್ತಿಂದ ಇದೇ. ಇಳಿ ಮಗಾ."

"ನೀನು ಬರುದಿಲ್ವಾ?"

"ಉಳಿದ ಮಕ್ಕಳನ್ನು ಬಿಟ್ಟು, ಬಸ್ ಶಾಲೆಯಲ್ಲಿ ಇಟ್ಟು ಬರ್ತೆ. ಸ್ಟಾಪ್ ದಾಟಿದ ಮೇಲೆ ನಿನ್ನನ್ನು ಬಸ್ಸಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಸಂಜೆವರೆಗೆ ಅಮ್ಮನ ಹತ್ತಿರ ಶಾಲೆಯಲ್ಲಿ ನಿಲ್ಲುವ ಹಾಗೂ ಇಲ್ಲ, ಬೋರ್ಡಿನವರು ಬಿಡುದಿಲ್ಲ. ಅದ್ದು ಮಾಮ ಬಂದು ರಸ್ತೆ ದಾಟಿಸ್ತಾರೆ. ಅವರು ಬರುವವರೆಗೆ ಇಲ್ಲಿಂದ ಒಂದು ಹೆಜ್ಜೆ ಅಲುಗಾಡಬಾರ್ದು. ಕೇಳಿತಾ?"

ಸ್ವಂತ ಮಗಳನ್ನು ಹೆದ್ದಾರಿಯ ಬದಿಯಲ್ಲಿ ಇಳಿಸಿ ಬಾಗಿಲು ಹಾಕಿಕೊಂಡು ಬೇರೆಯವರ ಮಕ್ಕಳನ್ನು ಮನೆ ಬಾಗಿಲಿಗೆ ಬಿಡಲು ಹೋಗುವ ಕೆಲಸ ಹೇಗಿರುತ್ತದೆಂದು ಸೇಸಪ್ಪನಿಗೆ ಆ ದಿನ ತಿಳಿಯಿತು. ಕನ್ನಡಿಯಲ್ಲಿ ನೋಡಿದ. ಐದು ಮಕ್ಕಳು ತೊಟ್ಟಿಯ ಹಿಂದಿನ ಗೇಣಗಲ ನೆರಳಿಗೆ ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತಿದ್ದರು. ಗೇರು ಬದಲಿಸಿದ.

ಅದ್ದು ಕೆಫೆಟೇರಿಯಾವನ್ನು ಕೆಲಸದವನ ಕೈಗೆ ಕೊಟ್ಟು ಓಡಿ ಬರುತ್ತಿದ್ದ. ಬೈಯುತ್ತಲೇ ಬರುತ್ತಿದ್ದ. "ಈ ಬೋರ್ಡಿನ ಬೋಳಿಮಕ್ಕಳನ್ನು ಒಂದು ದಿನ ಈ ತೊಟ್ಟಿಗೆ ಹಾಕಿ ಮುಚ್ಚಳ ಹಾಕ್ಬೇಕು ಮಾರಾಯ" ಎನ್ನುತ್ತಿದ್ದ. ಗಿರಾಕಿ ಜಾಸ್ತಿಯಾದ ದಿನ ತಡವಾಗುತ್ತಿತ್ತು. ದೊಡ್ಡ ಮಕ್ಕಳು ಕಾದು ಕಾದು ತಾವೇ ಕೈ ಕೈ ಹಿಡಿದು ದಾಟಿಬಿಡುತ್ತಿದ್ದರು. ಕುಸುಮ ದಾಟುತ್ತಿರಲಿಲ್ಲ. ಅಪ್ಪ ಅಲುಗಾಡಬೇಡ ಎಂದಿದ್ದಾನಲ್ಲ, ಅಲುಗಾಡುತ್ತಿರಲಿಲ್ಲ. ಅದ್ದು ಬಾರದ ದಿನ ಸೇಸಪ್ಪ ಶಾಲೆಯಿಂದ ನಡೆದು ಬರುವವರೆಗೂ ಕೂತಿರುತ್ತಿದ್ದಳು. ನೆರಳು ಸರಿದ ಹಾಗೆ ತಾನೂ ಸರಿಯುತ್ತಿದ್ದಳು.

ಮೇ ತಿಂಗಳ ಒಂದು ಮಂಗಳವಾರ ಸೇಸಪ್ಪ ನಡೆದು ಬರುವಾಗ ತೊಟ್ಟಿಯ ಹತ್ತಿರ ಕಸದ ಲಾರಿ ನಿಂತಿತ್ತು. ಕೇಸರಿ ಬಣ್ಣದ ಕೆಲಸದ ಬಟ್ಟೆಯವನೊಬ್ಬ ಕುಸುಮಳನ್ನು ಎತ್ತಿಕೊಂಡು ನಿಂತಿದ್ದ. ಅವಳು ಅಳುತ್ತಿರಲಿಲ್ಲ. ಕಣ್ಣು ಮಾತ್ರ ಬಿಟ್ಟಿದ್ದು ಬಿಟ್ಟ ಹಾಗೇ ಇತ್ತು.

ಸೇಸಪ್ಪ ಓಡಿದ. ಎತ್ತಿಕೊಂಡವನು ಮಹಮೂದ್, ಬಲದಿಯಾದ ಲಾರಿಯ ಪಾಕಿಸ್ತಾನಿ ಕ್ಲೀನರ್. ಹುಡುಗಿ ನಿದ್ದೆಹೋಗಿದ್ದಳು, ತೊಟ್ಟಿಗೆ ಒರಗಿ. ತೊಟ್ಟಿ ಎತ್ತಲಿಕ್ಕೆಂದು ಲಾರಿ ಹಿಂದಕ್ಕೆ ಬಂದಿತ್ತು. ಬಿಳಿ ಸಾಕ್ಸು ಕಂಡು, ನಿಲ್ಲಿಸಲೆಂದು ಮಹಮೂದ್ ಲಾರಿಯ ಮೈಗೆ ಬಡಿದಿದ್ದನಂತೆ. ಕಾದ ಕಬ್ಬಿಣಕ್ಕೆ ತಾಗಿ ಕುಸುಮಳ ಮೊಣಕೈಯ ಕೆಳಗೆ ಚರ್ಮ ಕೆಂಪಾಗಿ ಉಬ್ಬಿತ್ತು.

ಮಗುವನ್ನು ಇಲ್ಲಿ ಬಿಟ್ಟುಹೋದವನು ಯಾರೆಂದು ಮಹಮೂದ್ ಸಿಟ್ಟಿನಲ್ಲಿ ಕೂಗಿದ. "ಬಚ್ಚೀ ಕೋ ಇಧರ್ ಕಿಸ್ ಹರಾಮಿ ನೇ ಛೋಡಾ? ಕೌನ್ ಛೋಡಾ, ಭಾಯ್?"

ಸೇಸಪ್ಪ ಮಗಳತ್ತ ಕೈ ಚಾಚಿದ.

"ಮೈನೇ" ಎಂದ.

ಮಹಮೂದ್ ಅವನ ಮುಖವನ್ನೂ ಅಂಗಿಯ ಮೇಲಿನ ಶಾಲೆಯ ಬಿಲ್ಲೆಯನ್ನೂ ನೋಡಿದ. ಮಗುವನ್ನು ಅವನ ತೋಳಿಗೆ ಕೊಟ್ಟ.

ಅದೇ ಸಂಜೆ ಸೇಸಪ್ಪ ಪ್ರೇಮನಾಥನ ವಿಲ್ಲಾಕ್ಕೆ ಹೋದ. ಪ್ರೇಮನಾಥ ಲುಂಗಿ ಉಟ್ಟು ಪೈಪು ಹಿಡಿದು ಕಾಗದದ ಹೂವಿನ ಗಿಡಗಳಿಗೆ ನೀರು ಬಿಡುತ್ತಿದ್ದ. ಗೇಟು ತೆರೆದೇ ಇತ್ತು.

"ಅಲ್ಲೇ ನಿಲ್ಲು, ಅಲ್ಲೇ. ಒಳಗೆ ಎಲ್ಲ ಒದ್ದೆ ಉಂಟು. ಎಂತ?"

ಸೇಸಪ್ಪ ಗೇಟಿನ ಹೊರಗೆ ನಿಂತು ನಡೆದದ್ದನ್ನು ಹೇಳಿದ. ಪ್ರೇಮನಾಥ ನೀರು ಬಿಡುವುದನ್ನು ನಿಲ್ಲಿಸಲಿಲ್ಲ.

"ಮಗು ಸಾಯ್ತಿತ್ತು ಸಾರ್."

"ಸಾಯ್ಲಿಲ್ಲ ಅಲ್ವಾ?"

ಪ್ರೇಮನಾಥ ಪೈಪನ್ನು ಮುಂದಿನ ಗಿಡಕ್ಕೆ ತಿರುಗಿಸಿದ.

"ನೋಡು, ಇದು ನಾನು ಒಬ್ಬ ಕೂತು ಮಾಡಿದ್ದಲ್ಲ. ಪಾಲಿಸಿ. ಎಲ್ಲರನ್ನೂ ಕೇಳಿಯೇ ಮಾಡಿದ್ದು. ಬರುವ ವರ್ಷ ಪುನಃ ಕೇಳ್ತೇವೆ, ಆಗ ನೋಡುವ."

"ನಾನು ಆವತ್ತು ಕೈ ಎತ್ತಿದ್ದೆ ಸಾರ್."

"ಯಾವಾಗ? ನಾನು ನೋಡ್ಲೇ ಇಲ್ಲ."

"ನೋಡಿದ್ರಿ. ಮೈಕ್ ಸರಿ ಇಲ್ವಾ ಅಂತ ಕೇಳಿದ್ರಿ."

ಪೈಪು ನೆಲಕ್ಕೆ ಬಿತ್ತು. ಪ್ರೇಮನಾಥ ಲುಂಗಿ ಎತ್ತಿ ಕಟ್ಟುತ್ತಾ ಗೇಟಿನವರೆಗೆ ಬಂದ.

"ರಂಡೆಮಗನೆ, ಎದುರು ಮಾತಾಡ್ತೀಯಾ? ನಿನ್ನ ಅಪ್ಪ ಕೊಗ್ಗ ನಮ್ಮ ಅಂಗಳಕ್ಕೆ ಒಂದು ದಿನ ಕಾಲಿಟ್ಟವನಲ್ಲ. ಬಿಸಿಲಾದ್ರೂ ಮಳೆಯಾದ್ರೂ ಬೇಲಿಯ ಆಚೆ ನಿಂತೇ ಮಾತಾಡ್ತಿದ್ದ. ಅವನ ಜಾಗ ಅವನಿಗೆ ಗೊತ್ತಿತ್ತು. ನಿಂಗೆ ಒಮಾನಿನ ನೀರು ಕುಡಿದು ಕೊಂಬು ಬಂದದ್ದಾ? ನಿನ್ನ ಮಗಳು ನಮ್ಮ ಮಕ್ಕಳ ಒಟ್ಟಿಗೆ ಬೆಂಚಿನಲ್ಲಿ ಕೂರ್ತಾಳಲ್ಲ, ಅದೇ ದೊಡ್ಡದು. ಜಾಸ್ತಿ ಮಾತಾಡಿದ್ರೆ ಖಲಾಸ್, ನಾಡಿದ್ದಿನ ವಿಮಾನ. ಗಂಡ, ಹೆಂಡತಿ, ಮಗಳು, ಮೂರೂ ಜನ. ಈಗ ನಡಿ. ಹಾಂ, ಗುರುವಾರ ಬೋರ್ಡಿನವರನ್ನು ರುಸೈಲಿನ ಆಚೆ ಹೊಸ ಕಟ್ಟಡದ ಜಾಗ ತೋರಿಸ್ಲಿಕ್ಕೆ ಕರ್ಕೊಂಡು ಹೋಗುದುಂಟು. ಎಲ್ಲರನ್ನೂ ಅವರವರ ಗೇಟಿನಲ್ಲೇ ಹತ್ತಿಸ್ಬೇಕು. ಹೆಂಗಸರೂ ಬರ್ತಾರೆ. ಏಸಿ ಮೊದಲೇ ಹಾಕಿ ತಣ್ಣಗೆ ಮಾಡಿಡು."

ಮನೆಗೆ ಬಂದಾಗ ವಾರಿಜಾಕ್ಷಿ ಮಗಳ ಕೈಗೆ ತೆಂಗಿನೆಣ್ಣೆ ಹಚ್ಚುತ್ತಿದ್ದಳು. ಗಂಡನ ಮುಖ ನೋಡಿ ಏನಾಯಿತೆಂದು ಕೇಳಲಿಲ್ಲ. ಎಣ್ಣೆಯ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಹೇಳಿದಳು.

"ಆವತ್ತು ನನ್ನ ಎರಡೂ ಕೈಯಲ್ಲಿ ಟ್ರೇ ಇತ್ತು. ಬಿಸಾಡ್ಬೇಕಿತ್ತು ನಾನು. ಅವರ ಸೀರೆಗಳ ಮೇಲೆ ಬಿದ್ರೆ ಬೀಳ್ಲಿ ಅಂತ ಬಿಸಾಡ್ಬೇಕಿತ್ತು."

"ಬಿಸಾಡಿದ್ರೆ ಕೆಲಸದಿಂದ ತೆಗೀತಿದ್ರು."

"ತೆಗೀಲಿ. ನೀವು ಬೆಳಿಗ್ಗೆಯಿಂದ ಸಂಜೆವರೆಗೆ ಅವರ ಮಕ್ಕಳನ್ನು ಹೊರ್ತೀರಿ. ನಾನು ಅವರ ಮಕ್ಕಳ ಉಚ್ಚೆ ಒರೆಸ್ತೆ. ನಮ್ಮದನ್ನು ಕಸದ ಹತ್ತಿರ ಕೂರಿಸಿ ಬರುದು. ನಂಗೆ ಹೀಗಿನ ಒಮಾನ್ ಬೇಡ. ಊರಲ್ಲಿ ಬೀಡಿ ಕಟ್ತೆ."

ಸೇಸಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಬಾಗಿಲಿಗೆ ಹೋದ, ತಿರುಗಿ ಬಂದ, ಕುಸುಮಳ ಚಪ್ಪಲಿ ಸರಿಯಾಗಿ ಇಟ್ಟ, ಮತ್ತೆ ಬಾಗಿಲಿಗೆ ಹೋದ. ಸಾಯ್ಲಿಲ್ಲ ಅಲ್ವಾ ಎಂಬ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಹೋಗುತ್ತಲೇ ಇರಲಿಲ್ಲ. ಬುಧವಾರವಿಡೀ ಅವನು ಹಾಗೆಯೇ ಬಸ್ಸು ಓಡಿಸಿದ. ಆ ದಿನವೂ ಮಕ್ಕಳನ್ನು ತೊಟ್ಟಿಯ ಹತ್ತಿರವೇ ಇಳಿಸಿದ.

ಗುರುವಾರ ಬೆಳಿಗ್ಗೆ ಒಂದೊಂದು ಗೇಟಿನ ಎದುರೂ ಬಸ್ಸು ನಿಂತಿತು. ಪ್ರೇಮನಾಥನ ಹೆಂಡತಿ ಸೀರೆಯ ಪಿನ್ನು ಸಿಗದೆ ತಡಮಾಡಿದಳು, ಬಸ್ಸು ಕಾಯಿತು. ಸಿಪ್ರಿಯನ್ ಮತ್ತು ಅವನ ಹೆಂಡತಿ ಆಗ್ನೆಸ್ ಥರ್ಮಾಸು ಹಿಡಿದು ಹತ್ತಿದರು. ಹೊಸ ಜಾಗದಲ್ಲಿ ಎಲ್ಲರೂ ಸಾಲಾಗಿ ನಿಂತು ಫೋಟೊ ಹಿಡಿಸಿಕೊಂಡರು. ಫೋಟೊ ಹಿಡಿದವನು ಸೇಸಪ್ಪನೇ. ಇಲ್ಲಿ ಈಜುಕೊಳ ಬರಬೇಕು, ಅಲ್ಲಿ ಆಡಿಟೋರಿಯಂ ಬರಬೇಕು ಎಂದು ಮರಳಿನ ಕಡೆಗೆ ಕೈ ತೋರಿಸಿದರು. ಸಮುದಾಯದ ಅಭಿಪ್ರಾಯ ಕೇಳಿಯೇ ಎಲ್ಲ ಮಾಡುವ ಎಂದ ಪ್ರೇಮನಾಥ. ಎಲ್ಲರೂ ಒಪ್ಪಿದರು.

ನಡುಮಧ್ಯಾಹ್ನ ಬಸ್ಸು ಹಿಂದಿರುಗಿತು. ಹೊರಗೆ ಹೆದ್ದಾರಿ ಬಿಸಿಲಿಗೆ ಕುದಿಯುತ್ತಿತ್ತು, ಒಳಗೆ ಏಸಿಯ ತಂಪಿಗೆ ಅರ್ಧ ಮಂದಿ ತೂಕಡಿಸುತ್ತಿದ್ದರು. ಸೇಸಪ್ಪ ದಾರಿಯಲ್ಲಿ ಎರಡು ಸಲ ಸ್ಟೀರಿಂಗನ್ನು ಒರೆಸಿದ. ಭಯವಾಗುತ್ತಿತ್ತು. ಭಯವಾಗುತ್ತಿದ್ದುದು ನಿಜ, ಆದರೆ ಕೈ ಅದರ ಪಾಡಿಗೆ ಬಲಗಡೆಯ ಇಂಡಿಕೇಟರ್ ಹಾಕಿತು.

ಬಸ್ಸು ಕಸದ ತೊಟ್ಟಿಯ ಪಕ್ಕದಲ್ಲಿ ನಿಂತಿತು. ಬಾಗಿಲು ತೆರೆಯಿತು. ಕಾವು ಮೆಟ್ಟಲು ಹತ್ತಿ ಒಳಗೆ ಬಂತು.

"ಇಳೀರಿ" ಎಂದ ಸೇಸಪ್ಪ. "ಸ್ಟಾಪ್ ಬಂತು."

ಯಾರೂ ಏಳಲಿಲ್ಲ. ಬಸ್ಸು ಕೆಟ್ಟಿತೇನೋ ಎಂದುಕೊಂಡರು. ಪ್ರೇಮನಾಥ ಕತ್ತು ಎತ್ತಿದ. "ಎಂತ ಸ್ಟಾಪ್ ಮಾರಾಯ? ವಿಲ್ಲಾ ಇನ್ನೂ ಎಲ್ಲಿ ಉಂಟು! ಯಲ್ಲಾ, ನಡಿ ನಡಿ."

"ಒಂದೇ ಕಡೆ ಹತ್ತು ಜನ ಇಳಿಯುವವರು ಇದ್ರೆ ಮಾತ್ರ ಬಸ್ಸು ಹೆದ್ದಾರಿ ಬಿಡುದು ಸಾರ್. ನೀವು ಒಂದೊಂದು ಗೇಟಿಗೆ ಇಬ್ಬಿಬ್ಬರು. ಪಾಲಿಸಿ ಹಾಗುಂಟು."

"ಅದು ಮಕ್ಕಳಿಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೌದು. ಮಕ್ಕಳಿಗೆ" ಎಂದ ಸೇಸಪ್ಪ.

ಸಿಪ್ರಿಯನ್ ಕಿಟಕಿಯಿಂದ ತೊಟ್ಟಿಯನ್ನು ನೋಡಿದ. ಅದರ ಬುಡದಲ್ಲಿ ಯಾವುದೋ ಮಗುವಿನ ನೀರಿನ ಬಾಟಲಿಯ ಮುಚ್ಚಳ ಬಿದ್ದಿತ್ತು. ಅವನು ಕಣ್ಣು ಆಚೆ ತೆಗೆದ. ಪ್ರೇಮನಾಥ ಎದ್ದು ಬೈಯಲು ಶುರುಮಾಡಿದ. ಅಪ್ಪನನ್ನು ತಂದ, ಅಜ್ಜನನ್ನು ತಂದ, ಹೆಂಗಸರಿದ್ದಾರೆ ಎಂಬುದನ್ನೂ ಮರೆತು ಸೇಸಪ್ಪನ ಅಮ್ಮನನ್ನೂ ತಂದ. ಸೇಸಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಸೀಟಿನಲ್ಲಿ ಕೂತಂತೆಯೇ ತಲೆಯ ಮೇಲಿನ ಕನ್ನಡಿ ನೋಡುತ್ತಾ ಹೇಳಿದ.

"ಒಬ್ಬರದ್ದೇ ಮಾತು ಬೇಡ ಸಾರ್. ಎಲ್ಲರನ್ನೂ ಕೇಳಿಯೇ ಮಾಡುವ. ಇಲ್ಲಿ ಇಳಿಯುದು ಬೇಡ ಅನ್ನುವವರು ಕೈ ಎತ್ತಿ."

ಮೊದಲು ಆಗ್ನೆಸಳ ಕೈ ಎದ್ದಿತು. ಪಾಪ, ನಿಜವಾಗಿಯೂ ಕೇಳುತ್ತಿದ್ದಾನೆಂದು ಅವಳು ನಂಬಿದ್ದಳು. ಅವಳನ್ನು ನೋಡಿ ಪಕ್ಕದವಳು ಎತ್ತಿದಳು. ಸೆಖೆ ಏರುತ್ತಿತ್ತು, ಬೇಗ ಮುಗಿದರೆ ಸಾಕೆಂದು ಉಳಿದವರೂ ಎತ್ತಿದರು. ಬಳೆ, ವಾಚು, ಉಂಗುರ. ಕೊನೆಗೆ ಪ್ರೇಮನಾಥನ ಕೈಯೂ ಮೇಲಿತ್ತು, ಹೊಡೆಯಲಿಕ್ಕೆ ಎತ್ತಿದ್ದೋ ಬೇಡವೆನ್ನಲಿಕ್ಕೆ ಎತ್ತಿದ್ದೋ ಅವನಿಗೇ ಗೊತ್ತು. ಸೇಸಪ್ಪ ಕನ್ನಡಿಯಲ್ಲಿ ಆ ಕೈಗಳನ್ನೆಲ್ಲ ಒಂದೊಂದಾಗಿ ನೋಡಿದ. ಅವಸರ ಮಾಡಲಿಲ್ಲ.

"ಎಂತ ಸಾರ್" ಎಂದ, "ಏಸಿ ಸರಿ ಇಲ್ವಾ?"

ಏಸಿ ಆರಿಸಿದ. ಇಂಜಿನ್ ಆರಿಸಿದ. ಕೀಯನ್ನು ಕಿತ್ತು ಕಿಸೆಗೆ ಹಾಕಿಕೊಂಡು, ಶಾಲೆಯ ಬಿಲ್ಲೆಯನ್ನು ಅಂಗಿಯಿಂದ ಬಿಚ್ಚಿ ಸೀಟಿನ ಮೇಲಿಟ್ಟು ಕೆಳಗಿಳಿದ. ನೇರ ತೊಟ್ಟಿಯ ಹಿಂದಕ್ಕೆ ಹೋಗಿ ಮಗಳು ಕೂರುತ್ತಿದ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತ. ಕಬ್ಬಿಣ ಬೆನ್ನಿಗೆ ತಾಗಿದಾಗ ಚುರ್ ಎಂದಿತು. ಇಷ್ಟು ಬಿಸಿಯೇ ಇದು ಎಂದುಕೊಂಡ. ಕಣ್ಣಲ್ಲಿ ನೀರು ಬಂತು.

ಒಳಗೆ ಕೂರಲಾಗದೆ ಹೆಂಗಸರು ಮೊದಲು ಇಳಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೂಗು ಮುಚ್ಚಿಕೊಂಡು ನೆರಳಿಗೆ ಬಂದರು. ಸೇಸಪ್ಪ ತುಸು ಸರಿದು ಜಾಗ ಬಿಟ್ಟ. ಆಮೇಲೆ ಸಿಪ್ರಿಯನ್ ಬಂದ, ಪಕ್ಕದಲ್ಲೇ ಕೂತ. ಐದು ಮಕ್ಕಳಿಗೆ ಸಾಕಾಗುತ್ತಿದ್ದ ನೆರಳು ಅಷ್ಟಕ್ಕೇ ಮುಗಿಯಿತು.

ಪ್ರೇಮನಾಥ ಕೊನೆಗೆ ಇಳಿದ. ನೆರಳಿನ ಅಂಚಿನವರೆಗೆ ಬಂದು, ಒಳಗೆ ಕಾಲಿಡಲು ಜಾಗ ಕಾಣದೆ ನಿಂತ. ಅವನ ಬೆನ್ನ ಹಿಂದೆ ಹೆದ್ದಾರಿಯಲ್ಲಿ ಕಾರುಗಳು ಹಾರ್ನು ಹೊಡೆಯುತ್ತಾ ಹಾಯುತ್ತಿದ್ದವು.

"ಕೀ ಕೊಡು" ಎಂದ. "ನಾಡಿದ್ದಿನ ವಿಮಾನ ನಿಂಗೆ, ಗೊತ್ತುಂಟಾ?"

"ಗೊತ್ತುಂಟು."

"ಕೀ ಕೊಡು ಅಂದೆ."

ಸೇಸಪ್ಪ ತಲೆ ಎತ್ತಲಿಲ್ಲ. ಪ್ರೇಮನಾಥ ನೆರಳಿನ ಆಚೆ, ಬಿಸಿಲಲ್ಲೇ ನಿಂತು, ಅಲ್ಲಿಂದಲೇ ಮಾತಾಡುತ್ತಾ ಇದ್ದ.